ಐದು ಮಿಣುಕಿನ ಆಸೆ

ನನ್ನ ಕಾರಿನ ಇಂಡಿಕೇಟರ್ ಕಡ್ಡಿಯನ್ನು ಮೆಲ್ಲಗೆ ತಟ್ಟಿದರೆ ದೀಪವು ಮೂರು ಸಲ ಮಿಣುಕಿ ಸುಮ್ಮನಾಗುತ್ತದೆ. ಅದನ್ನು ಐದು ಸಲ ಮಿಣುಕಿಸಲು ಸಾಧ್ಯವೆಂದು ಭಾವಮೈದ ಹೇಳಿದ ದಿನದಿಂದ ನನಗೆ ನಿದ್ದೆ ಹತ್ತಲಿಲ್ಲ. ಮೂರು ಮಿಣುಕಿನಿಂದ ಈವರೆಗೆ ಯಾವ ತೊಂದರೆಯೂ ಆಗಿರಲಿಲ್ಲವೆಂಬುದು ಬೇರೆ ಮಾತು.

ತಯಾರಕರು ಒಂದೇ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಹಲವು ದೇಶಗಳ, ಹಲವು ಮಾದರಿಗಳ ಕಾರುಗಳಲ್ಲಿ ಕೂರಿಸುವುದರಿಂದ, ಯಾವ ಸೌಲಭ್ಯ ಎಚ್ಚರವಾಗಿರಬೇಕು, ಯಾವುದು ಮಲಗಿರಬೇಕು ಎಂಬುದನ್ನು ಅದರೊಳಗಿನ ಅಂಕಿಗಳು ತೀರ್ಮಾನಿಸುತ್ತವೆ. ಅವುಗಳನ್ನು ತಿದ್ದುವ ಕೆಲಸಕ್ಕೇ ಕೋಡಿಂಗ್ ಎಂದು ಹೆಸರು. ಅದಕ್ಕೆ ಬಾಗಿಲು, ಸ್ಟೀರಿಂಗ್‌ನ ಕೆಳಗೆ ಅವಿತಿರುವ 16 ಪಿನ್ನುಗಳ ಓಬಿಡಿ-2 ಸಾಕೆಟ್, ಅಂದರೆ ಕಾರಿನ ದೋಷ ತಪಾಸಣೆಯ ಕಿಂಡಿ. ಅಮೆರಿಕದಲ್ಲಿ 1996ರ ಮಾದರಿಗಳಿಂದ ಅದು ಕಡ್ಡಾಯವಾದದ್ದು ಕಾರಿನ ಹೊಗೆಯ ಮೇಲೆ ಕಣ್ಣಿಡಲೆಂದು. ನನ್ನಂಥವರು ಅದರಲ್ಲಿ ಕೈಯಾಡಿಸಲೆಂದಲ್ಲ.

ಕೋಡಿಂಗಿನ ಸಾಧನವನ್ನು, ಅಂದರೆ ತಂತ್ರಾಂಶವನ್ನೂ ಅದನ್ನು ಸಾಕೆಟ್ಟಿಗೆ ಜೋಡಿಸುವ ಅಡಾಪ್ಟರನ್ನೂ ಆರಿಸುವುದು ವರಾನ್ವೇಷಣೆಯಷ್ಟೇ ಕಷ್ಟ. ಬಿಮರ್‌ಕೋಡ್ ಬಿಎಂಡಬ್ಲ್ಯು ಮತ್ತು ಮಿನಿಯ ಕಡೆಯದು, ಫೋರ್‌ಸ್ಕ್ಯಾನ್ ಫೋರ್ಡ್ ಮತ್ತು ಮಾಜ್ದಾ ಕಡೆಯದು, ವಿಸಿಡಿಎಸ್ ಫೋಕ್ಸ್‌ವ್ಯಾಗನ್, ಔಡಿ, ಸ್ಕೋಡಾ ಬಳಗದ್ದು. ಈ ವಿಸಿಡಿಎಸ್‌ಗೆ ಅದರದೇ ಕೇಬಲ್ಲೂ ವಿಂಡೋಸ್ ಲ್ಯಾಪ್‌ಟಾಪೂ ಬೇಕು. ಈ ಗೋತ್ರ ವಿಚಾರಣೆಯಿಂದ ಬೇಸತ್ತ ನಾನು, ಎಲ್ಲ ಕಾರಿಗೂ ಹೊಂದುತ್ತದೆಂಬ ಅಗ್ಗದ ಬ್ಲೂಟೂತ್ ಅಡಾಪ್ಟರ್ ತಂದೆ. ಒಳಗಿರುವುದು ಕಾರಿನ ಭಾಷೆಯನ್ನು ಅನುವಾದಿಸುವ ಇಎಲ್‌ಎಂ 327 ಚಿಪ್ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಿಜದಲ್ಲಿ ಅದು ಅದರ ನಕಲು. ಎಂಜಿನ್ನಿನ ದೋಷಸಂಕೇತಗಳನ್ನು ಅದು ಚೆನ್ನಾಗಿಯೇ ಓದುತ್ತಿತ್ತು, ಆದರೆ ಬರೆಯಲು, ಅಂದರೆ ಅಂಕಿಗಳನ್ನು ತಿದ್ದಲು, ಹೇಳಿದ ಕೂಡಲೇ ಮೌನವ್ರತ ಹಿಡಿಯುತ್ತಿತ್ತು. ಕೊನೆಗೆ ನನ್ನ ಕಾರಿನ ಗೋತ್ರದ ಸಾಧನಕ್ಕೇ ಮತ್ತೊಮ್ಮೆ ದುಡ್ಡು ಸುರಿದೆ.

ತೆರೆಯ ಮೇಲೆ ಎರಡೆರಡು ಅಕ್ಷರಗಳ ಉದ್ದನೆಯ ಸಾಲು ಕಾಣಿಸಿತು. ಒಂದೊಂದು ಜೋಡಿಯೂ ಒಂದು ಬೈಟ್. ಅದರೊಳಗೆ ಎಂಟು ಬಿಟ್‌ಗಳು, ಅಂದರೆ ಎಂಟು ಪುಟ್ಟ ಸ್ವಿಚ್ಚುಗಳು. ಬದಲಿಸಬೇಕಾದದ್ದು ಬೈಟ್ 4. ಜೋಡಿಗಳನ್ನು ಬೆರಳು ಮಡಚಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ, ಅಲ್ಲಿದ್ದ ಸ್ವಿಚ್ಚುಗಳಲ್ಲಿ ಕೆಲವನ್ನು ಏರಿಸಿ, ಕೆಲವನ್ನು ಇಳಿಸಿ, ಗಂಭೀರವಾಗಿ ಗುಂಡಿಯೊತ್ತಿದೆ. ಈ ಲೋಕದಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆಂದು ಅರಿವಾಗುವಷ್ಟರಲ್ಲಿ, ಬೈಟ್ 4 ಆರಾಮವಾಗಿದ್ದು ಅದರ ನೆರೆಯ ಬೈಟ್ 3 ನನ್ನ ಕೈಗೆ ಸಿಕ್ಕಿ ನಲುಗಿತ್ತು.

ಇಂಡಿಕೇಟರ್ ಮೂರೇ ಸಲ ಮಿಣುಕಿತು. ಆದರೆ ಕಾರನ್ನು ಲಾಕ್ ಮಾಡಿದಾಗಲೆಲ್ಲ ಹಾರ್ನ್ ಹೊಡೆಯತೊಡಗಿತು. ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದು ಲಾಕ್ ಮಾಡಿದರೆ ನೆರೆಮನೆಯ ದೀಪ ಹತ್ತುತ್ತಿತ್ತು. ಲಾಕ್ ಆಯಿತೋ ಇಲ್ಲವೋ ಎಂದು ಸಂಶಯಪಟ್ಟು ಎರಡನೆಯ ಸಲ ಒತ್ತಿದರೆ ಕಿಟಕಿಯಲ್ಲಿ ಅವರ ಮುಖವೂ ಕಾಣುತ್ತಿತ್ತು.

ಮೊದಲಿದ್ದ ಅಂಕಿಗಳನ್ನು ಬರೆದಿಟ್ಟುಕೊಂಡೇ ಮುಂದುವರಿಯಬೇಕೆಂಬುದು ಈ ವಿದ್ಯೆಯ ಮೊದಲ ಪಾಠ. ನಾನು ಬರೆದಿರಲಿಲ್ಲ, ಆದರೆ ಭಾವಮೈದನ ಮುಂದೆ ಜಂಬ ಕೊಚ್ಚಲು ಲ್ಯಾಪ್‌ಟಾಪಿನ ತೆರೆಯ ಫೋಟೋ ತೆಗೆದು ಕಳಿಸಿದ್ದೆ. ಹುಡುಕಿ ನೋಡಿದರೆ ಅದರಲ್ಲಿ ಎಲ್ಲ ಜೋಡಿಗಳೂ ಸ್ಫುಟವಾಗಿದ್ದವು, ಒಂದನ್ನು ಬಿಟ್ಟು. ಆ ಒಂದರ ಮೇಲೆ ನನ್ನ ಹೆಬ್ಬೆರಳು ವಿರಾಜಮಾನವಾಗಿತ್ತು. ಒಂದು ಬೈಟಿಗೆ 256 ಸಾಧ್ಯತೆಗಳೆಂದು ಲೆಕ್ಕ ಹಾಕಿ ಭಾವಮೈದನೇ ತಿಳಿಸಿದ.

ಎಂಜಿನ್ ಆಫ್ ಮಾಡಿ, ಇಗ್ನಿಷನ್ ಮಾತ್ರ ಆನ್ ಇಟ್ಟು, ಒಂದೊಂದೇ ಸ್ವಿಚ್ಚನ್ನು ತಿರುಗಿಸುತ್ತ, ಪ್ರತಿ ಸಲವೂ ಹೊರಗಿಳಿದು ಲಾಕ್ ಮಾಡಿ ಕಿವಿಗೊಟ್ಟು ನಿಲ್ಲುತ್ತ ಒಂದು ಗಂಟೆ ಕಳೆಯಿತು. ಅಷ್ಟರಲ್ಲಿ ಬ್ಯಾಟರಿ ಸೊರಗಿ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪಗಳು ದೀಪೋತ್ಸವದಂತೆ ಹತ್ತಿಕೊಂಡವು. ಬರೆಯುವ ನಡುವೆ ವೋಲ್ಟೇಜ್ ಕುಸಿದರೆ ಆ ಪೆಟ್ಟಿಗೆಯೇ ಕೆಟ್ಟುಹೋಗುವುದುಂಟು ಎಂಬುದು ಆಗ ನೆನಪಾಗಿ ಬೆನ್ನಲ್ಲಿ ಬೆವರಿಳಿಯಿತು. ಚಾರ್ಜರ್ ಜೋಡಿಸಿ, ದೇವರನ್ನು ನೆನೆದು ಮತ್ತೆ ಕುಳಿತೆ. ಏಳನೆಯ ಪ್ರಯತ್ನಕ್ಕೆ ಹಾರ್ನ್ ಬಾಯಿ ಮುಚ್ಚಿತು; ದೋಷಗಳನ್ನು ಅಳಿಸಿದ ಮೇಲೆ ದೀಪಗಳೂ ಆರಿದವು. ಬೈಟ್ 4ರ ತಂಟೆಗೆ ಹೋಗಲಿಲ್ಲ.

ಮರುದಿನ ನನ್ನಾಕೆ ಪೇಟೆಗೆ ಹೋಗಿ ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು: "ರೀ, ಇವತ್ತು ಹಾರ್ನೇ ಆಗಲಿಲ್ಲವಲ್ಲ, ಕಾರು ಲಾಕ್ ಆಗಿದೆಯೋ ಇಲ್ಲವೋ ಅಂತ ನನಗೆ ಹೇಗೆ ಗೊತ್ತಾಗಬೇಕು?"