ಗುಂಡ ಹಾಜರು, ಚಿಗಳಿ ಗೈರು

ಬೇರೆಯವರ ತಪ್ಪು ಹುಡುಕುವುದು ನನ್ನ ಕೆಲಸ. ಇದು ನಮ್ಮತ್ತೆ ಹೇಳುವ ಅರ್ಥದಲ್ಲಲ್ಲ, ಸಂಬಳ ಬರುವ ಅರ್ಥದಲ್ಲಿ. ಬ್ಯಾಂಕಿನ ತಪಾಸಣೆ ವಿಭಾಗದಲ್ಲಿದ್ದೇನೆ. ಬೆಳಗ್ಗೆ ಶಾಖೆಯ ಬಾಗಿಲು ತೆಗೆಯುವ ಹೊತ್ತಿಗೆ ಹೇಳದೆ ಕೇಳದೆ ಹೋಗಿ ನಿಲ್ಲಬೇಕು. ನಗದು ಎಣಿಸಬೇಕು, ಅಡ ಇಟ್ಟ ಚಿನ್ನದ ಪೊಟ್ಟಣ ತೂಗಬೇಕು, ಲಾಕರ್ ರಿಜಿಸ್ಟರಿನಲ್ಲಿ ಸಹಿ ಬಿಟ್ಟುಹೋದ ಸಾಲಿಗೆ ಪೆನ್ಸಿಲ್ ಗುರುತು ಹಾಕಬೇಕು. ಎಲ್ಲಿಗೆ ಹೋಗುತ್ತೇವೆ ಅನ್ನುವುದು ಮೊದಲೇ ಯಾರಿಗೂ ಗೊತ್ತಾಗಬಾರದು. ಗೊತ್ತಾದರೆ ಶಾಖೆಯವರು ಹಿಂದಿನ ರಾತ್ರಿಯೇ ಕೂತು ಎಲ್ಲ ಸಹಿ ಹಾಕಿ ಮುಗಿಸಿರುತ್ತಾರೆ.

ಈ ಗುಟ್ಟನ್ನು ಮನುಷ್ಯರಿಂದ ಮುಚ್ಚಿಡಬಹುದು, ನಾಯಿಗಳಿಂದ ಸಾಧ್ಯವಿಲ್ಲ. ಅಟ್ಟದಿಂದ ಸೂಟ್‌ಕೇಸ್ ಇಳಿಸಿದ ಸದ್ದಾದರೆ ಸಾಕು, ಗುಂಡ ಬಂದು ಅದರೊಳಗೆ ಮಲಗುತ್ತಾನೆ. ಅರ್ಧ ಗುಂಡ ಮಾತ್ರ, ಉಳಿದರ್ಧ ಹೊರಗೆ. ಅವನು ಲ್ಯಾಬ್ರಡಾರ್, 8 ವರ್ಷ, 41 ಕಿಲೋ. ಚಿಗಳಿ ನಮ್ಮ ಬೀದಿಯ ಮಗಳು. ಪಾಲಿಕೆಯವರು ಮಕ್ಕಳಾಗದ ಹಾಗೆ ಆಪರೇಷನ್ ಮಾಡಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ವಾಪಸ್ ತಂದು ಬಿಟ್ಟ ದಿನವೇ ನಮ್ಮ ಗೇಟಿನೊಳಗೆ ನುಗ್ಗಿದಳು. ಹುಣಸೆಹಣ್ಣಿನ ಬಣ್ಣ, ಸ್ವಭಾವವೂ ಅಷ್ಟೇ ಹುಳಿ. ಹಾಗಾಗಿ ಚಿಗಳಿ.

ಸಾಮಾನ್ಯವಾಗಿ ನಾನು ಊರಿಗೆ ಹೋದರೆ ನಮ್ಮೆಜಮಾನರು ಇರುತ್ತಾರೆ, ಅವರು ಹೋದರೆ ನಾನು. ಹೋದ ಮೇ ತಿಂಗಳಲ್ಲಿ ನನಗೆ ರಾಯಚೂರು ಜಿಲ್ಲೆಗೆ ಆರು ದಿನದ ತಪಾಸಣೆ ಬಿತ್ತು. ಅದೇ ವಾರ ಅವರಿಗೆ ಪುಣೆಯಲ್ಲಿ ಟ್ರೈನಿಂಗ್. "ರೀ, ನೀವು ಮುಂದಕ್ಕೆ ಹಾಕಿಸಿಕೊಳ್ಳಿ" ಅಂದೆ. "ನೀನೇ ಹಾಕಿಸ್ಕೋ" ಅಂದರು. ಇಬ್ಬರೂ ಗುಂಡನ ಮುಖ ನೋಡಿದೆವು. ಅವನು ಸೂಟ್‌ಕೇಸಿನೊಳಗಿನಿಂದ ನಮ್ಮ ಮುಖ ನೋಡಿದ.

ಮೊದಲು ನಾದಿನಿಗೆ ಫೋನ್ ಮಾಡಿದೆ. ಅವಳ ಮನೆಗೆ ಹೊಸ ಬಿಳಿ ಸೋಫಾ ಬಂದಿತ್ತು. ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ನಾಯಿಗಳ ಹಾಸ್ಟೆಲ್. ಮೈಸೂರಿನ ಹೊರವಲಯದಲ್ಲಿ ಒಂದಿದೆ ಎಂದು ಯಾರೋ ಹೇಳಿದರು. ಹೋದರೆ ಅಲ್ಲಿ ಇಂಟರ್‌ವ್ಯೂ! ನನ್ನನ್ನು ಹೆಣ್ಣು ನೋಡಲು ಬಂದವರು ಹಾಡು ಬರುತ್ತಾ, ಅಡಿಗೆ ಬರುತ್ತಾ ಎಂದು ಎರಡೇ ಪ್ರಶ್ನೆ ಕೇಳಿದ್ದರು. ಇಲ್ಲಿ ಎರಡು ಪುಟ. ಬೇರೆ ನಾಯಿ ಕಂಡರೆ ಹೇಗಿರುತ್ತಾನೆ? ಪಟಾಕಿಗೆ ಹೆದರುತ್ತಾನಾ? ಊಟದ ತಟ್ಟೆ ಮುಟ್ಟಿದರೆ ಗುರ್ ಅನ್ನುತ್ತಾನಾ? ಈ ಪ್ರಶ್ನೆ ಕೇಳುತ್ತಿದ್ದ ಹುಡುಗನ ಟೇಬಲ್ ಮೇಲಿನ ಬೆಣ್ಣೆ ಬಿಸ್ಕತ್ತಿನ ಪ್ಯಾಕೆಟ್ ಅಷ್ಟರಲ್ಲಿ ಕವರ್ ಸಮೇತ ಗುಂಡನ ಹೊಟ್ಟೆ ಸೇರಿತ್ತು. ಆದರೂ ಅವನು ಪಾಸಾದ. ಚಿಗಳಿ ಫೇಲ್. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ ಹಾಕಿಸಬೇಕು, ಅವಳದು ಮೂರು ವಾರ ತಡವಾಗಿತ್ತು. ಜೊತೆಗೆ ಕೆನ್ನೆಲ್ ಕೆಮ್ಮಿನ ಲಸಿಕೆಯೂ ಬೇಕಂತೆ. ಹತ್ತಾರು ನಾಯಿಗಳು ಒಟ್ಟಿಗಿರುವ ಕಡೆ ಒಂದು ಕೆಮ್ಮಿದರೆ ಎಲ್ಲಕ್ಕೂ ಅಂಟುತ್ತದೆ, ಅದಕ್ಕೆ. ಹಾಕಿಸಿದರೂ ಅದು ಕೆಲಸ ಶುರು ಮಾಡಲು ಕೆಲವು ದಿನ ಬೇಕು. ನನ್ನ ರೈಲಿಗೆ ಉಳಿದಿದ್ದದ್ದು ಎರಡೇ ದಿನ.

"ಊರವರ ರಿಜಿಸ್ಟರೆಲ್ಲ ನೋಡ್ತೀಯ, ಮನೆ ನಾಯಿ ಕಾರ್ಡ್ ನೋಡಲ್ವಾ?" ಅಂದರು ಇವರು. ಆ ಲಸಿಕೆ ಹಾಕಿಸಿಕೊಂಡು ಬರುವುದು ಇವರ ಪಾಲಿನ ಕೆಲಸವಾಗಿತ್ತು ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ಎರಡನ್ನೂ ಜೊತೆಗೇ ಕರೆದುಕೊಂಡು ಹೋಗಲೇ ಎಂದೂ ಯೋಚಿಸಿದೆ. ರೈಲಿನಲ್ಲಿ ನಾಯಿ ನಮ್ಮ ಜೊತೆ ಬರಬೇಕೆಂದರೆ ಫಸ್ಟ್ ಕ್ಲಾಸ್ ಎಸಿಯಲ್ಲಿ ಪೂರ್ತಿ ಕೂಪೆ ಹಿಡಿಯಬೇಕು. ಇಲ್ಲದಿದ್ದರೆ ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿ ಗಾರ್ಡ್ ಡಬ್ಬಿಯ ಪೆಟ್ಟಿಗೆಗೆ ಹಾಕಬೇಕು. ಮೇ ತಿಂಗಳ ರಾಯಚೂರು ಬಿಸಿಲಿಗೆ ಮನುಷ್ಯರೇ ನಾಲಿಗೆ ಹೊರಗೆ ಹಾಕಿಕೊಂಡು ಓಡಾಡುತ್ತಾರೆ. ಅದೂ ಅಲ್ಲದೆ, ಹಠಾತ್ ತಪಾಸಣೆಗೆ ಎರಡು ನಾಯಿ ಹಿಡಿದುಕೊಂಡು ಹೋದರೆ ಇಡಿಯವರು ಬಂದರೆಂದು ಶಾಖೆಯಲ್ಲಿ ಯಾರಾದರೂ ಎದೆ ಹಿಡಿದುಕೊಂಡಾರು.

ಕೊನೆಗೆ ಉಳಿದವರು ಪಕ್ಕದ ಮನೆಯ ಪಿ.ಟಿ. ಮೇಷ್ಟ್ರು. ನಿವೃತ್ತಿಯಾಗಿ ಹನ್ನೊಂದು ವರ್ಷ. ಕತ್ತಿನ ವಿಷಲ್ ಇನ್ನೂ ನಿವೃತ್ತಿಯಾಗಿಲ್ಲ. ನಾಯಿ ಸಾಕಿದವರಲ್ಲ, ನಾಯಿ ಕಂಡರೆ ಪ್ರೀತಿಯೂ ಇಲ್ಲ, ಭಯವೂ ಇಲ್ಲ. ಎಂಟನೇ ಕ್ಲಾಸ್ ಬಿ ಸೆಕ್ಷನ್ನನ್ನು ಮೂವತ್ತು ವರ್ಷ ನೋಡಿದವರಿಗೆ ಎರಡು ನಾಯಿ ಯಾವ ಲೆಕ್ಕ?

"ಎಲ್ಲಿಗಮ್ಮಾ ಹೋಗ್ತಿರೋದು?" ಎಂದು ಕೇಳಿದರು.

"ಅದು ಹೇಳೋ ಹಾಗಿಲ್ಲ ಸಾರ್."

"ಎಷ್ಟು ದಿನ?"

"ಆರು ದಿನ. ಹೆಚ್ಚುಕಮ್ಮಿ ಆಗಬಹುದು."

"ಯಜಮಾನ್ರು?"

"ಅವರು ಬೇರೆ ಕಡೆ ಹೋಗ್ತಿದಾರೆ."

ಮೇಷ್ಟ್ರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿ, "ಏನೇ ಇದ್ದರೂ ಕೂತು ಮಾತಾಡಿದರೆ ಸರಿಹೋಗುತ್ತೆ ಕಣಮ್ಮಾ. ನಾಯಿಗಳನ್ನ ನಾನು ನೋಡ್ಕೋತೀನಿ" ಅಂದರು. ಅವರ ಹೆಂಡತಿ ಒಳಗಿನಿಂದ ಬಂದು ನನ್ನ ಕೈಗೆ ಅರಿಶಿನ ಕುಂಕುಮ ಕೊಟ್ಟು ಕಣ್ಣೊರೆಸಿಕೊಂಡರು. ಸಮಜಾಯಿಷಿ ಕೊಡಲು ನನಗೆ ಪುರುಸೊತ್ತಿರಲಿಲ್ಲ.

ನಾಲ್ಕು ಪುಟ ಸೂಚನೆ ಬರೆದಿಟ್ಟೆ. ಎರಡು ಹೊತ್ತು ಊಟ, ಅನ್ನ, ಕೋಳಿ, ಕ್ಯಾರೆಟ್ಟು, ಉಪ್ಪು ಬೇಡ. ಮೇಷ್ಟ್ರ ಮನೆಯಲ್ಲಿ ಮೊಟ್ಟೆ ಎಂಬ ಶಬ್ದವನ್ನೂ ಆಡುವುದಿಲ್ಲ, ಆದ್ದರಿಂದ ಎಲ್ಲವನ್ನೂ ಬೇಯಿಸಿ ಡಬ್ಬಿಗಳಲ್ಲಿ ಹಾಕಿ ಫ್ರೀಜರಿನಲ್ಲಿಟ್ಟೆ. ಈರುಳ್ಳಿ, ಬೆಳ್ಳುಳ್ಳಿ, ಚಾಕ್ಲೆಟ್, ದ್ರಾಕ್ಷಿ, ಒಣದ್ರಾಕ್ಷಿ ಕೊಡಲೇಬಾರದು ಎಂದು ಮೂರನೇ ಪುಟದಲ್ಲಿ ಬರೆದೆ. ಈಗ ಅನ್ನಿಸುತ್ತದೆ, ಅದು ಮೊದಲನೇ ಪುಟದಲ್ಲಿರಬೇಕಿತ್ತು. ಸಾಲದ ಕರಾರುಪತ್ರದ ಮೂರನೇ ಪುಟವನ್ನು ಯಾರೂ ಓದುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೊದಲ ದಿನದ ವರದಿ ವಾಟ್ಸಾಪಿನಲ್ಲಿ ಬೆಳಗ್ಗೆ ಏಳಕ್ಕೇ ಬಂತು. ನಾನು ಆ ಹೊತ್ತಿಗೆ ಶಾಖೆಯ ಮುಂದೆ ಅಪರಿಚಿತಳ ಹಾಗೆ ಚಹಾ ಕುಡಿಯುತ್ತಾ ನಿಂತಿದ್ದೆ.

"ಗುಂಡ: ಹಾಜರು. ಓಟ: ಒಂದು ಸುತ್ತು, ಅದೂ ನಡಿಗೆ. ಶಿಸ್ತು: ತೃಪ್ತಿಕರವಲ್ಲ. ಚಿಗಳಿ: ಹಾಜರು. ಓಟ: ಉತ್ತಮ. ತಿರುಗಿ ಬರುವುದು: ಇಲ್ಲ. ವಿ.ಸೂ.: ಹಿತ್ತಲ ನಲ್ಲಿ ತೊಟ್ಟಿಕ್ಕುತ್ತಿದೆ."

ನಲ್ಲಿಯನ್ನು ಯಾರು ಕೇಳಿದ್ದರು? ಸುಮ್ಮನಾದೆ. ಎರಡನೇ ದಿನದ ವರದಿಯಲ್ಲಿ ನಾಯಿಗಳಿಗೆ ಎರಡು ಸಾಲು, ನಮ್ಮ ಮನೆಗೆ ಐದು ಸಾಲು. ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿಲ್ಲ. ಫ್ರಿಡ್ಜಿನಲ್ಲಿ ಕೊತ್ತಂಬರಿ ಸೊಪ್ಪು ಕಪ್ಪಾಗಿದೆ. ದೇವರ ಮನೆ ಬಲ್ಬು ಹೋಗಿದೆ. ಕ್ಯಾಲೆಂಡರ್ ಇನ್ನೂ ಮಾರ್ಚ್ ತೋರಿಸುತ್ತಿದೆ. ನಾನು ಆಗ ಆ ಶಾಖೆಯ ನಗದು ಪುಸ್ತಕದಲ್ಲಿ ಬಿಟ್ಟುಹೋದ ಒಂದು ಸಹಿಗೆ ಕ್ಯಾಷಿಯರನ್ನು ನಿಲ್ಲಿಸಿಕೊಂಡು ಪ್ರಶ್ನೆ ಮಾಡುತ್ತಿದ್ದೆ. ಫೋನ್ ನೋಡಿದ ಮೇಲೆ ನನ್ನ ದನಿ ಕೊಂಚ ಮೆತ್ತಗಾಯಿತು ಎಂದು ಕಾಣುತ್ತದೆ. ಹುಡುಗಿ ಅಚ್ಚರಿಯಿಂದ ನೋಡಿದಳು.

ಮೂರನೇ ದಿನ ಚಿಗಳಿಯ ವಿಷಯ ಹೊರಬಿತ್ತು. "ಮಧ್ಯಾಹ್ನ 12ರಿಂದ 2: ಗೈರುಹಾಜರು. ವಿಚಾರಣೆ ನಡೆಸಲಾಗಿ ತಿಳಿದುಬಂದದ್ದು: ಬೀದಿ ಕೊನೆಯ ಟೈಲರ್ ಅಂಗಡಿಯಲ್ಲಿ ಊಟ ಹಾಗೂ ನಿದ್ರೆ. ಅಲ್ಲಿ ಹೆಸರು ಲಕ್ಷ್ಮಿ. ಎರಡು ವರ್ಷದಿಂದ." ಎರಡು ಹೆಸರು, ಎರಡು ವಿಳಾಸ, ಎರಡು ಖಾತೆ, ಕೆವೈಸಿ ಇಲ್ಲ! ಇಂಥದ್ದು ಶಾಖೆಯಲ್ಲಿ ಸಿಕ್ಕಿದ್ದರೆ ನಾನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ನಮ್ಮ ಮನೆಯಲ್ಲಿ ಅವಳು ಮಧ್ಯಾಹ್ನ ಮಾವಿನ ಮರದ ಕೆಳಗೆ ನಮ್ಮನ್ನೇ ನೆನೆಯುತ್ತಾ ಮಲಗಿರುತ್ತಾಳೆ ಎಂದುಕೊಂಡಿದ್ದೆ.

ನಾಲ್ಕನೇ ದಿನದ್ದನ್ನು ವಿವರವಾಗಿಯೇ ಹೇಳಬೇಕು.

ಆ ಶಾಖೆಯ ಮ್ಯಾನೇಜರ್ ಬಲು ಒಳ್ಳೆಯ ಮನುಷ್ಯ. ಹೆಸರು ಪೂರ್ತಿ ಹೇಳುವುದಿಲ್ಲ. ಗುಂಡ ಎಂದು ಶುರುವಾಗಿ ಅಪ್ಪ ಎಂದು ಮುಗಿಯುತ್ತದೆ. ಮೂರು ದಿನದಿಂದ ನನಗೆ ಹೆದರಿ ಅರ್ಧ ಆಗಿದ್ದರು. ಮಧ್ಯಾಹ್ನ ಒಂದೂವರೆಗೆ ಅವರ ಕ್ಯಾಬಿನ್ನಿನಲ್ಲಿ ಎದುರು ಬದುರು ಕೂತು ಊಟದ ಡಬ್ಬಿ ಬಿಚ್ಚಿದೆವು. ಅವರದು ಮೊಸರನ್ನ. ಅಷ್ಟರಲ್ಲಿ ಮೇಷ್ಟ್ರ ವಿಡಿಯೋ ಕಾಲ್ ಬಂತು. ಅಲ್ಲಿ ಕರೆಂಟ್ ಹೋಗಿ ಫ್ರೀಜರಿನ ಕೋಳಿ ಡಬ್ಬಿಗಳು ಕೆಟ್ಟಿದ್ದವಂತೆ. "ಪಾಪ, ಹಸಿದುಕೊಂಡು ಇರ್ತಾವೆ ಅಂತ ನಮ್ಮನೆಯವಳು ಮೊಸರನ್ನ ಕಲಸಿದಾಳೆ, ನೋಡಮ್ಮಾ" ಎಂದು ಫೋನನ್ನು ಗುಂಡನ ತಟ್ಟೆಯ ಕಡೆ ತಿರುಗಿಸಿದರು.

ನೋಡಿದೆ. ಆ ತಾಯಿ ದೇವಸ್ಥಾನದ ಪ್ರಸಾದದ ಥರ ಮಾಡಿದ್ದರು. ಒಗ್ಗರಣೆ, ದಾಳಿಂಬೆ, ಮೇಲೆ ಸಾಲಾಗಿ ಹಸಿರು ದ್ರಾಕ್ಷಿ. ದ್ರಾಕ್ಷಿ ತಿಂದರೆ ನಾಯಿಗಳ ಕಿಡ್ನಿಯೇ ಕೈಕೊಡಬಹುದು. ಗುಂಡ ಆಗಲೇ ಬಾಯಿ ಹಾಕಿದ್ದ. ನಾನು ಎಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. ಕುರ್ಚಿಯಿಂದ ಎದ್ದು ನಿಂತು, ಶಾಖೆ ನಡುಗುವ ಹಾಗೆ ಕಿರುಚಿದೆ:

"ಗುಂಡಾ! ತಿನ್ನಬೇಡ! ಉಗುಳು! ಉಗುಳೋ ಮೊದ್ಲು!"

ಎದುರಿಗೆ ಮ್ಯಾನೇಜರ್ ಉಗುಳಿದರು. ತಕ್ಷಣ ಉಗುಳಿದರು. ಡಬ್ಬಿಯ ಮುಚ್ಚಳದೊಳಕ್ಕೆ, ಅಚ್ಚುಕಟ್ಟಾಗಿ.

ಅದೇ ಕ್ಷಣ ಫೋನಿನಲ್ಲಿ ಮೇಷ್ಟ್ರು ವಿಷಲ್ ಊದಿದರು. ಸ್ಪೀಕರ್ ಆನ್ ಇತ್ತು. ಮೈಸೂರಿನಲ್ಲಿ ಗುಂಡ ಬಾಯಲ್ಲಿದ್ದದ್ದನ್ನು ಕೆಳಗೆ ಬಿಟ್ಟು ಕೂತುಬಿಟ್ಟ. ಎಂಟು ವರ್ಷದಲ್ಲಿ ಅವನು ಬಾಯಿಗೆ ಹೋದದ್ದನ್ನು ವಾಪಸ್ ಬಿಟ್ಟದ್ದು ಅದೇ ಮೊದಲು. ಇಲ್ಲಿ ಬಾಗಿಲ ಹತ್ತಿರ ತೂಕಡಿಸುತ್ತಿದ್ದ ಗನ್‌ಮ್ಯಾನ್, ಮಿಲಿಟರಿಯಲ್ಲಿದ್ದು ಬಂದವರು, ಟಕ್ಕನೆ ಎದ್ದು ಅಟೆನ್ಷನ್‌ನಲ್ಲಿ ನಿಂತರು. ಬೆಳೆಸಾಲದ ಕ್ಯೂನಲ್ಲಿದ್ದ ರೈತರೂ ಒಂದು ಸಾಲಾದರು.

"ಮೇಡಂ, ಏನರೆ ತಪ್ಪಾತೇನ್ರಿ?" ಮ್ಯಾನೇಜರ್ ಕೇಳಿದರು. ಬಾಯಿ ಒರೆಸಿಕೊಳ್ಳುವ ಧೈರ್ಯವೂ ಅವರಿಗಿರಲಿಲ್ಲ.

"ನಿಮಗಲ್ಲ ಸಾರ್, ನಾಯಿಗೆ" ಅಂದೆ. ಹೇಳಿದ ಮೇಲೆ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಫೋನ್ ತಿರುಗಿಸಿ ಗುಂಡನನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ನಮ್ಮವ್ವನೂ ನನಗ ಗುಂಡಾ ಅಂತನ ಕರೀತಿದ್ಲು ನೋಡ್ರಿ" ಅಂದರು. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಅವರ ಮೊಸರನ್ನದಲ್ಲೂ ದ್ರಾಕ್ಷಿ ಇತ್ತು ಎಂದು ಆಗ ಗಮನಿಸಿದೆ. ಆ ಶಾಖೆಯ ವರದಿಯಲ್ಲಿ ನಾನು ಎಲ್ಲಿಯೂ ಸಡಿಲ ಬಿಟ್ಟಿಲ್ಲ, ಮೇಲಿನವರು ಯಾರಾದರೂ ಓದುತ್ತಿದ್ದರೆ ತಿಳಿದಿರಲಿ.

ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸುವುದೂ ಆಯಿತು. ಮೇಷ್ಟ್ರು ಆಟೋದಲ್ಲಿ ಗುಂಡನನ್ನು ಕೂರಿಸಿಕೊಂಡು ಹೋದರು. ತಟ್ಟೆಗೆ ಹಾಕಿದ್ದ ದ್ರಾಕ್ಷಿ ಹದಿನಾಲ್ಕು, ತಟ್ಟೆಯಲ್ಲಿ ಮತ್ತು ನೆಲದ ಮೇಲೆ ಸಿಕ್ಕಿದ್ದು ಹದಿನಾಲ್ಕು. ಲೆಕ್ಕ ಸರಿಹೋಯಿತು ಎಂದು ಡಾಕ್ಟರಿಗೇ ಪಟ್ಟಿ ಕೊಟ್ಟರಂತೆ. ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಚೊಕ್ಕವಾಗಿ ತಾಳೆಯಾದ ಲೆಕ್ಕ ನೋಡಿಲ್ಲ.

ಏಳನೇ ದಿನ ಬೆಳಗ್ಗೆ ಮನೆಗೆ ಬಂದೆ. ಗುಂಡ ಓಡಿ ಬಂದು ನನ್ನನ್ನು ದಾಟಿ ಚೀಲದೊಳಗೆ ಮೂತಿ ತೂರಿಸಿದ. ಚಿಗಳಿ ಮನೆಯಲ್ಲಿರಲಿಲ್ಲ. ಮಂಗಳವಾರವಲ್ಲವಾ, ಟೈಲರ್ ಮನೆಯಲ್ಲಿ ಮೀನು. ಇದೂ ವರದಿಯಲ್ಲಿತ್ತು.

ಸಂಜೆ ಮೇಷ್ಟ್ರು ನೂರು ಪುಟದ ನೋಟ್ ಬುಕ್ಕು ತಂದುಕೊಟ್ಟರು. ಗೆರೆ ಎಳೆದು, ಕ್ರಮಸಂಖ್ಯೆ ಹಾಕಿ, ಕೊನೆಯ ಕಾಲಮ್ಮಿಗೆ "ಕೈಗೊಂಡ ಕ್ರಮ" ಎಂದು ಹೆಸರಿಟ್ಟು ಖಾಲಿ ಬಿಟ್ಟಿದ್ದರು. ಒಟ್ಟು 23 ಆಕ್ಷೇಪಣೆ. ನಾನು ಶಾಖೆಗಳಿಗೆ ಕೊಡುವುದೂ ಇದೇ ನಮೂನೆ. ನಲ್ಲಿ, ರೆಗ್ಯುಲೇಟರ್, ಬಲ್ಬು, ಕ್ಯಾಲೆಂಡರ್, ಚಿಗಳಿಯ ಲಸಿಕೆ. "ಗಂಡ ಹೆಂಡತಿ ಒಟ್ಟಿಗೆ ಮನೆಗೆ ಮರಳಿದ್ದಾರೆ: ಸಂತೋಷ" ಅನ್ನುವುದೂ ಇತ್ತು. ಇಪ್ಪತ್ತಮೂರನೆಯದು: "ಗುಂಡನ ತೂಕ ಜಾಸ್ತಿ. ಕಾರಣ: ಯಜಮಾನಿ ಬೆಳಗ್ಗೆ ವಾಕಿಂಗ್ ಮಾಡುವುದಿಲ್ಲ."

"ಉತ್ತರ ಯಾವಾಗ ಕೊಡ್ತೀಯಮ್ಮಾ?" ಅಂದರು.

"ಮೂವತ್ತು ದಿನ ಕಾಲಾವಕಾಶ ಇರುತ್ತೆ ಸಾರ್" ಅಂದೆ.

ಮಾರನೇ ದಿನ ಬೆಳಗ್ಗೆ ಐದೂವರೆಗೆ ಗೇಟಿನ ಹೊರಗೆ ವಿಷಲ್ ಕೇಳಿಸಿತು. ಗುಂಡ ಎದ್ದ. ಮಂಚದ ಕೆಳಗಿನಿಂದ ಚಿಗಳಿಯೂ ಎದ್ದಳು. ಬಾಗಿಲು ತೆಗೆದು ಎರಡನ್ನೂ ಹೊರಗೆ ಬಿಟ್ಟು ಬಂದು ಮತ್ತೆ ಹೊದ್ದುಕೊಂಡೆ.

ಮತ್ತೊಮ್ಮೆ ವಿಷಲ್.

"ಏ, ಅದು ನಿಂಗೆ ಕಣೇ" ಅಂದರು ಇವರು, ಆ ಕಡೆ ತಿರುಗಿಕೊಳ್ಳುತ್ತಾ.