ನನ್ನ ಟೇಬಲ್ ಮೇಲಿನ ಸರ್ವರ್ ನನ್ನ ಫೋನಿಗೇ ಸುರಕ್ಷಿತ ಅಲ್ಲವಂತೆ

ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತನ್ನು ಗುಟ್ಟಾಗಿಡುವ ಎಚ್‌ಟಿಟಿಪಿಎಸ್ ಬೇಡ ಅಂತ ನಾನು ಹೇಳುತ್ತಿಲ್ಲ. ಬ್ಯಾಂಕಿಗೆ ಬೇಕು, ಅಂಗಡಿಗೆ ಬೇಕು, ಎಲ್ಲರಿಗೂ ಬೇಕು. ನನ್ನ ಸಿಟ್ಟು ಬೇರೆ. ನನ್ನ ಮನೆ, ನನ್ನ ವೈಫೈ, ನನ್ನ ಲ್ಯಾಪ್‌ಟಾಪ್, ಅದರ ಪಕ್ಕದಲ್ಲೇ ನನ್ನ ಫೋನು. ಇವೆರಡು ಮಾತಾಡೋಕೂ, ಈ ಸರ್ವರ್ ಅಸಲಿ ಅಂತ ಸಾರುವ ಸರ್ಟಿಫಿಕೇಟ್ ತಾ ಅಂತ ಬ್ರೌಸರ್ ಅಂದರೆ ಏನು ಹೇಳೋದು?

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ಗೆ ಸಣ್ಣ ವೆಬ್ ಆ್ಯಪ್ ಮಾಡುತ್ತಿದ್ದೇನೆ. ಕಟಿಂಗ್ ಆದ ಪ್ರತಿ ಬಂಡಲ್‌ಗೂ ಒಂದು ಕ್ಯೂಆರ್ ಚೀಟಿ. ಹೊಲಿಗೆಗೆ ಮನೆಗಳಿಗೆ ಹೋಗುವಾಗ ಒಮ್ಮೆ ಸ್ಕ್ಯಾನ್, ವಾಪಸ್ ಬಂದಾಗ ಒಮ್ಮೆ, ವಾಷಿಂಗ್‌ಗೆ ಕಳಿಸುವಾಗ ಮತ್ತೊಮ್ಮೆ. ಯಾರ ಹತ್ತಿರ ಎಷ್ಟು ಪೀಸ್ ಉಳಿದಿದೆ ಅಂತ ಮಾಲೀಕರಿಗೆ ಗೊತ್ತಾಗಬೇಕು. ನೆಟ್ ಇಲ್ಲದಿದ್ದರೂ ಓಡಬೇಕು. ಅಷ್ಟೇ.

ಲ್ಯಾಪ್‌ಟಾಪ್‌ನಲ್ಲಿ ಲೋಕಲ್‌ಹೋಸ್ಟ್, ಅಂದರೆ ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸದಲ್ಲಿ ತೆರೆದರೆ ಎಲ್ಲಾ ಚೆನ್ನಾಗಿದೆ. ಆದರೆ ಬಂಡಲ್ ಸ್ಕ್ಯಾನ್ ಮಾಡೋಕೆ ಯಾರು ಲ್ಯಾಪ್‌ಟಾಪ್ ಎತ್ತಿಕೊಂಡು ಓಡಾಡುತ್ತಾರೆ? ಅದೇ ಪುಟವನ್ನು ಫೋನಿನಲ್ಲಿ 192.168ರಿಂದ ಶುರುವಾಗುವ ಮನೆ ವೈಫೈನ ವಿಳಾಸ ಹಾಕಿ ತೆರೆದು ನೋಡಿ. ಕ್ಯಾಮೆರಾ ಬರಲ್ಲ. ಅನುಮತಿ ಕೊಡುತ್ತೀರಾ ಅಂತ ಕೇಳುವುದೂ ಇಲ್ಲ. ಕ್ಯಾಮೆರಾ ಕೇಳೋಕೆ 'ನ್ಯಾವಿಗೇಟರ್ ಡಾಟ್ ಮೀಡಿಯಾಡಿವೈಸಸ್' ಅಂತ ಬರೆದ ಸಾಲಿಗೆ ಬರುವ ಉತ್ತರ 'ಅನ್‌ಡಿಫೈನ್ಡ್'. ಕ್ಯಾಮೆರಾ ಅನ್ನೋದು ಜಗತ್ತಿನಲ್ಲೇ ಇಲ್ಲ ಅನ್ನೋ ಹಾಗೆ!

2015ರ ಕೊನೆಗೆ ಕ್ರೋಮ್ 47 ಬಂದಾಗ ಎಚ್‌ಟಿಟಿಪಿಎಸ್ ಇಲ್ಲದ ಬರೀ ಎಚ್‌ಟಿಟಿಪಿ ಪುಟಗಳಿಗೆ ಕ್ಯಾಮೆರಾ ನಿಂತಿತು. ಮರುವರ್ಷ ಕ್ರೋಮ್ 50ರಲ್ಲಿ ಲೊಕೇಶನ್ ಕೂಡ ಹೋಯಿತು. ಲೋಕಲ್‌ಹೋಸ್ಟ್‌ಗೆ, ಅದರದೇ ಅಂಕಿ ರೂಪವಾದ 127.0.0.1ಕ್ಕೆ ಮಾತ್ರ ವಿನಾಯಿತಿ. ಅಂದರೆ ಆ ಯಂತ್ರ ತನ್ನ ಜೊತೆ ತಾನೇ ಮಾತಾಡಿಕೊಂಡರೆ ಸರಿ, ಪಕ್ಕದ ಫೋನಿನ ಜೊತೆ ಮಾತಾಡಿದರೆ ಅಪಾಯ.

ಸರಿ, ಒಂದು ಹೆಸರು ಕೊಡೋಣ, ಸರ್ಟಿಫಿಕೇಟ್ ಹಾಕೋಣ ಅಂದುಕೊಂಡೆ. ಹೆಸರಿನಲ್ಲೇ ಜಗಳ ಶುರು. ಒಂದು ಕಾಲದಲ್ಲಿ ನಾವೆಲ್ಲ ಹೆಸರಿನ ಕೊನೆಗೆ 'ಡಾಟ್ ಡೆವ್' ಅಂತ ಇಡುತ್ತಿದ್ದೆವು. ಆ ಹೆಸರು ಗೂಗಲ್ ಕೈಗೆ ಹೋಯಿತು. 2017ರ ಡಿಸೆಂಬರ್‌ನಲ್ಲಿ ಕ್ರೋಮ್ 63 ಬಂದು, ಡಾಟ್ ಡೆವ್ ಅಂದರೆ ಎಚ್‌ಟಿಟಿಪಿಎಸ್ ಕಡ್ಡಾಯ ಅಂದುಬಿಟ್ಟಿತು. ಎಷ್ಟು ಜನರ ಸೆಟಪ್ ರಾತ್ರೋರಾತ್ರಿ ಮುರಿಯಿತೋ. 'ಡಾಟ್ ಲೋಕಲ್' ಇಟ್ಟರೆ ಅದು ಮನೆ ನೆಟ್‌ವರ್ಕ್‌ನ ಯಂತ್ರಗಳು ಒಂದರ ಹೆಸರನ್ನು ಒಂದು ತಾವೇ ಹುಡುಕಿಕೊಳ್ಳುವ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಸೇರಿದ್ದು. ಉಳಿದಿದ್ದು 1999ರಿಂದ ಪರೀಕ್ಷೆಗೇ ಅಂತ ಎತ್ತಿಟ್ಟಿರುವ 'ಡಾಟ್ ಟೆಸ್ಟ್'. ಅದನ್ನೇ ಇಟ್ಟೆ.

ಲ್ಯಾಪ್‌ಟಾಪ್‌ನಲ್ಲಾದರೆ, ಯಾವ ಹೆಸರಿಗೆ ಯಾವ ಐಪಿ ವಿಳಾಸ ಅಂತ ಹೇಳುವ ಹೋಸ್ಟ್ಸ್ ಫೈಲ್‌ನಲ್ಲಿ ಒಂದು ಸಾಲು ಬರೆದರೆ ಆಯಿತು. ಫೋನಿನಲ್ಲಿ? ರೂಟ್ ಮಾಡದೆ, ಅಂದರೆ ಫೋನಿನ ಪೂರ್ತಿ ಹಿಡಿತ ತಗೊಳ್ಳದೆ, ಆ ಫೈಲ್ ಮುಟ್ಟೋಕೇ ಆಗಲ್ಲ. ಅದಕ್ಕೆ ಲ್ಯಾಪ್‌ಟಾಪ್‌ನಲ್ಲಿ ಹೆಸರು ಕೇಳಿದರೆ ಐಪಿ ಹೇಳುವ ಡಿಎನ್‌ಎಸ್‌ಮಾಸ್ಕ್ ಅನ್ನೋ ಸಾಫ್ಟ್‌ವೇರ್ ಕೂರಿಸಿ, ಪ್ರತಿ ಫೋನಿನ ವೈಫೈ ಸೆಟ್ಟಿಂಗ್‌ಗೆ ಹೋಗಿ ಡಿಎನ್‌ಎಸ್ ಕೈಯಾರೆ ಬದಲಿಸಬೇಕು. ಕರೆಂಟ್ ಹೋಗಿ ಬಂದರೆ ಕಥೆ ಮುಗಿಯಿತು. ಈ ಊರಿನ ಬೇಸಿಗೆಯಲ್ಲಿ ಅದನ್ನು ಬೇರೆ ಹೇಳಬೇಕಾ? ರೂಟರ್ ಆಫ್ ಆಗಿ ಆನ್ ಆದಾಗ ಲ್ಯಾಪ್‌ಟಾಪ್‌ಗೆ ಹೊಸ ಐಪಿ ಕೊಟ್ಟಿರುತ್ತದೆ. ಐಪಿ ಕಟ್ಟಿಹಾಕೋಣ ಅಂದರೆ ನೆಟ್ ಕೊಟ್ಟವರ ರೂಟರ್, ಅದರ ಪಾಸ್‌ವರ್ಡ್ ಅವರ ಹತ್ತಿರ. ಫೋನ್ ಮಾಡಿದರೆ "ಹುಡುಗನ್ನ ಕಳಸ್ತೀವಿ ಸಾರ್" ಅನ್ನುತ್ತಾರೆ. ಹುಡುಗ ಇನ್ನೂ ದಾರಿಯಲ್ಲೇ ಇದ್ದಾನೆ.

ಸರ್ಟಿಫಿಕೇಟ್ ವಿಷಯಕ್ಕೆ ಬಂದರೆ, ನಮ್ಮ ಯಂತ್ರದಲ್ಲೇ ಸರ್ಟಿಫಿಕೇಟ್ ಮಾಡಿಕೊಡುವ ಎಂಕೆಸರ್ಟ್ ಅನ್ನೋ ಸಾಫ್ಟ್‌ವೇರ್ ಮಾಡಿದ ಪುಣ್ಯಾತ್ಮನಿಗೆ ಒಂದು ನಮಸ್ಕಾರ. ಅದಿಲ್ಲದ ಕಾಲದಲ್ಲಿ ಓಪನ್‌ಎಸ್‌ಎಸ್‌ಎಲ್ ಜೊತೆ ಗುದ್ದಾಡಬೇಕಿತ್ತು. ಈಗಲೂ ಹುಡುಕಿದರೆ ಸಿಗುವ ಎಷ್ಟೋ ಹಳೇ ಪಾಠಗಳಲ್ಲಿ ಸರ್ಟಿಫಿಕೇಟ್‌ನ ಕಾಮನ್ ನೇಮ್ ಅನ್ನೋ ಜಾಗದಲ್ಲಿ ಸೈಟಿನ ಹೆಸರು ತುಂಬಿದರೆ ಸಾಕು ಅಂತಲೇ ಇದೆ. 2017ರ ಕ್ರೋಮ್ 58ರಿಂದ ಅದನ್ನು ನೋಡುವುದೇ ಇಲ್ಲ ಕಣ್ರೀ! ಹೆಸರು ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್ ಅನ್ನೋ ಇನ್ನೊಂದು ಜಾಗದಲ್ಲೇ ಇರಬೇಕು. ಎಂಕೆಸರ್ಟ್ ಅದನ್ನು ತಾನೇ ನೋಡಿಕೊಳ್ಳುತ್ತದೆ. ಆದರೂ ಎಲ್ಲಾ ಅಲ್ಲಿಗೆ ಮುಗಿಯಲ್ಲ. ಸರ್ವರ್ ಕಡೆಯ ಕೋಡ್ ಓಡಿಸುವ ನೋಡ್‌ಗೆ, ಉಳಿದ ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಎಂಕೆಸರ್ಟ್‌ನ ರೂಟ್ ಸರ್ಟಿಫಿಕೇಟ್ ಎಲ್ಲಿದೆ ಅಂತ ಬೇರೆಯಾಗಿ ತೋರಿಸಬೇಕು. ಇಷ್ಟಾದ ಮೇಲೆ, ಆ್ಯಪ್ ಮಾಡುವಾಗ ಪುಟ ಕಳಿಸಿಕೊಡುವ ವೀಟ್ ಅನ್ನೋ ಸರ್ವರ್ ಎದ್ದು ನಿಂತು, ಈ ಹೋಸ್ಟ್ ಯಾರು, ನನ್ನ ಪಟ್ಟಿಯಲ್ಲಿ ಇಲ್ಲವಲ್ಲ ಅನ್ನುತ್ತದೆ.

ಇನ್ನು ಫೋನು. ಹೊಸ ಆಂಡ್ರಾಯ್ಡ್‌ಗಳಲ್ಲಿ ರೂಟ್ ಸರ್ಟಿಫಿಕೇಟ್ ಫೈಲ್ ಒತ್ತಿದರೆ ಇನ್‌ಸ್ಟಾಲ್ ಆಗಲ್ಲ. ಸೆಟ್ಟಿಂಗ್ಸ್ ಒಳಗೆ ಹೊಕ್ಕು, ಸೆಕ್ಯುರಿಟಿ ಹುಡುಕಿ, ನಿಮ್ಮ ಡೇಟಾ ಖಾಸಗಿಯಾಗಿ ಉಳಿಯಲ್ಲ ಅನ್ನೋ ದೊಡ್ಡ ಎಚ್ಚರಿಕೆ ದಾಟಿ ಹಾಕಬೇಕು. ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಕಡೆ ಇರುತ್ತದೆ. ಹಾಕಿದ ಮೇಲೆ, ನಿಮ್ಮ ನೆಟ್‌ವರ್ಕ್ ಮೇಲೆ ಯಾರೋ ಕಣ್ಣಿಟ್ಟಿರಬಹುದು ಅಂತ ನೋಟಿಫಿಕೇಶನ್. ಯೂನಿಟ್ ಮಾಲೀಕರ ಫೋನಿನಲ್ಲಿ ಅದು ಕಾಣಿಸಿಕೊಂಡಿತು. ಅವರು ಫೋನನ್ನು ಕಸಿದುಕೊಂಡು, "ಏನ್ರೀ, ನನ್ನ ಫೋನ್‌ಪೇ ಗತಿ ಏನು?" ಅಂದರು. ಏನು ಉತ್ತರ ಕೊಡಲಿ? ಅವರು ಕೇಳಿದ್ದು ಸರಿಯಾಗಿಯೇ ಇದೆ. ನನ್ನ ಲ್ಯಾಪ್‌ಟಾಪ್‌ನಲ್ಲಿರುವ ಆ ರೂಟ್ ಕೀ ಯಾರ ಕೈಗಾದರೂ ಸಿಕ್ಕರೆ, ಅದರಿಂದ ಯಾವ ಸೈಟಿನ ಹೆಸರಿಗೆ ಬೇಕಾದರೂ ಸರ್ಟಿಫಿಕೇಟ್ ಮಾಡಿ ಆ ಫೋನಿನ ಬ್ರೌಸರ್‌ಗೆ ಮೋಸ ಮಾಡಬಹುದು. ಒಂದು ಕ್ಯಾಮೆರಾ ತೆರೆಯೋಕೆ ಅವರ ಬ್ರೌಸರ್‌ನ ಬೀಗದ ಕೈಯನ್ನೇ ನಾನು ಇಸಿದುಕೊಳ್ಳಬೇಕಾ? ಇದಕ್ಕೆ ಸುರಕ್ಷತೆ ಅಂತ ಹೆಸರು!

ಫೋನಿಗೆ ರೂಟ್ ಸರ್ಟಿಫಿಕೇಟ್ ಹಾಕದೆ, ಬ್ರೌಸರ್‌ನ ಎಚ್ಚರಿಕೆ ಬಂದಾಗ 'ಅಡ್ವಾನ್ಸ್ಡ್' ಒತ್ತಿ ಮುಂದೆ ಹೋಗಬಹುದಲ್ಲ ಅಂತ ಗೆಳೆಯರು ಹೇಳುತ್ತಾರೆ. ಹೋಗಬಹುದು, ಕ್ಯಾಮೆರಾನೂ ಬರುತ್ತದೆ. ಪುಟವನ್ನು ಫೋನಿನಲ್ಲೇ ಉಳಿಸಿಕೊಡುವ ಸರ್ವಿಸ್ ವರ್ಕರ್ ಮಾತ್ರ ನೋಂದಣಿ ಆಗಲ್ಲ. ಅದಿಲ್ಲದಿದ್ದರೆ ನೆಟ್ ಇಲ್ಲದಾಗ ಆ್ಯಪ್ ಓಡಲ್ಲ. ಕೇಬಲ್ ಹಾಕಿ, ಫೋನಿನ ಲೋಕಲ್‌ಹೋಸ್ಟ್ ಲ್ಯಾಪ್‌ಟಾಪ್‌ಗೆ ತಲುಪುವ ಹಾಗೆ ಪೋರ್ಟ್ ಫಾರ್ವರ್ಡ್ ಮಾಡು ಅನ್ನುತ್ತಾರೆ. ನನ್ನ ಟೇಬಲ್ ಹತ್ತಿರ ಒಂದು ಫೋನಿಗೆ ಸರಿ. ಬಟ್ಟೆ ರಾಶಿಯ ನಡುವೆ ಓಡಾಡುವ ಹುಡುಗರ ಫೋನುಗಳಿಗೆಲ್ಲ ಕೇಬಲ್ ಎಳೆಯಲಾ? ಟನೆಲ್ ಹಾಕು ಅನ್ನುತ್ತಾರೆ. ಅಂದರೆ ಪಕ್ಕದಲ್ಲಿರುವ ಫೋನಿಗೆ ಹೋಗಬೇಕಾದ ಪುಟ ಯಾವುದೋ ದೇಶದ ಸರ್ವರ್ ಸುತ್ತಿ ಬರಬೇಕು. ನೆಟ್ ಹೋಯಿತೋ, ಅದೂ ಹೋಯಿತು.

ಅಸಲಿ ಡೊಮೇನ್ ತಗೊಂಡು, ಅದನ್ನು ಮನೆಯ ಐಪಿಗೆ ತಿರುಗಿಸಿ, ಬ್ರೌಸರ್‌ಗಳು ನಂಬುವ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ, ಡೊಮೇನ್ ನಮ್ಮದೇ ಅಂತ ತೋರಿಸುವ ಡಿಎನ್‌ಎಸ್ ಪರೀಕ್ಷೆ ಮೂಲಕ ಸರ್ಟಿಫಿಕೇಟ್ ಪಡೆಯೋದು ಇದ್ದುದರಲ್ಲಿ ವಾಸಿ. ಫೋನಿಗೆ ಏನೂ ಹಾಕಬೇಕಾಗಿಲ್ಲ. ಆದರೆ ಇನ್ನೂ ಹೊರಗೆ ಬಾರದ ಕೆಲಸದ ಹೆಸರು ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗ್ ಅನ್ನೋ ಬಹಿರಂಗ ಪಟ್ಟಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಬೇಡ ಅಂದರೆ ಡೊಮೇನ್‌ನ ಒಳಹೆಸರುಗಳಿಗೆಲ್ಲ ಒಂದೇ ಆಗುವ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ತಗೋಬೇಕು. ಕೆಲವು ರೂಟರ್‌ಗಳು ಮನೆಯ ಐಪಿ ತೋರಿಸುವ ಹೆಸರನ್ನು ಅನುಮಾನದಿಂದ ತಡೆದುಬಿಡುತ್ತವೆ. ಅದಕ್ಕೆ ಮತ್ತೆ ಆ ಪಾಸ್‌ವರ್ಡ್ ಬೇಕು.

ಪ್ರಯೋಗದ ಸೆಟ್ಟಿಂಗ್‌ಗಳಿರುವ ಕ್ರೋಮ್‌ನ ಫ್ಲ್ಯಾಗ್ಸ್ ಪುಟದಲ್ಲಿ ಒಂದು ಆಯ್ಕೆ ಇದೆ. ಈ ವಿಳಾಸವನ್ನು ಸುರಕ್ಷಿತ ಅಂತ ಪರಿಗಣಿಸು ಅಂತ ಬರೆದುಕೊಡಬಹುದು. ಅಂದರೆ ಮಾಡೋಕೆ ಆಗುತ್ತದೆ, ಮಾಡಿಯೂ ಇದ್ದಾರೆ! ಅದನ್ನು ಯಾರಿಗೂ ಕಾಣದ ಜಾಗದಲ್ಲಿ ಬಚ್ಚಿಟ್ಟಿದ್ದಾರೆ, ಅಷ್ಟೇ. ಅದನ್ನೇ ಹೊರಗೆ ತಂದು, ಮನೆ ವೈಫೈನ ಈ ಒಂದು ವಿಳಾಸಕ್ಕೆ, ಈ ಒಂದು ದಿನದ ಮಟ್ಟಿಗೆ ಒಪ್ಪಿಗೆ ಅಂತ ಒಂದು ಬಟನ್ ಇಡೋಕೆ ಏನು ಕಷ್ಟ? ಇಟ್ಟರೆ ನಾನು ಯಾರ ಫೋನಿನ ಸೆಕ್ಯುರಿಟಿ ಸೆಟ್ಟಿಂಗ್‌ಗೂ ಕೈ ಹಾಕಲ್ಲ, ಮಾಲೀಕರೂ ನನ್ನನ್ನು ಕಳ್ಳನ ಥರ ನೋಡಲ್ಲ.