ಬೀಗ ಹಾಕಿದ್ಯಾ ಅಂತ ಹತ್ತನೇ ಸಲ ಕೇಳಿದಾಗ

ಕಪಾಟು ಅಚ್ಚುಕಟ್ಟಾಗಿ ಜೋಡಿಸಿಟ್ಟವರು ‘ನಂಗೂ ಸ್ವಲ್ಪ ಓಸಿಡಿ ಇದೆ ಕಣೇ’ ಅನ್ನುವುದನ್ನು ದಯವಿಟ್ಟು ಬಿಡಬೇಕು. ಅಚ್ಚುಕಟ್ಟುತನದಿಂದ ಮನಸ್ಸಿಗೆ ಹಿತ. ಓಸಿಡಿ ಅಂದರೆ ಗೀಳು ಕಾಯಿಲೆ, ಅದರಿಂದ ಬರೀ ಹಿಂಸೆ. ಬೇಡದ ಯೋಚನೆ ನುಗ್ಗುವುದು, ಅದರ ಸಂಕಟ ತಾಳದೆ ತೊಳೆಯುವುದು, ಎಣಿಸುವುದು, ತಿರುತಿರುಗಿ ನೋಡುವುದು. ಇದಕ್ಕೇ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೋಗುತ್ತಿದ್ದರೆ, ಇಲ್ಲವೇ ಓದು, ಕೆಲಸ, ಸಂಸಾರ ಕೆಡುತ್ತಿದ್ದರೆ ವೈದ್ಯರು ಅದನ್ನು ಕಾಯಿಲೆ ಎಂದು ನೋಡುತ್ತಾರೆ.

ನಮ್ಮ ಮನೆಗಳಲ್ಲಿ ಇದು ಮಡಿಯ ಹೆಸರಿನಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. ಮಡಿಗೆ ಒಂದು ಕೊನೆಯಿದೆ: ಮಿಂದು ಮಡಿಬಟ್ಟೆ ಉಟ್ಟರೆ ಆಯಿತು. ಗೀಳಿನಲ್ಲಿ ಆ ‘ಆಯಿತು’ ಅನ್ನುವ ಭಾವವೇ ಹುಟ್ಟುವುದಿಲ್ಲ. ಮಡಿ-ಮೈಲಿಗೆ ಈ ಕಾಯಿಲೆಗೆ ವೇಷ ಕೊಡಬಹುದು, ಕಾಯಿಲೆಯನ್ನು ತರುವುದಿಲ್ಲ.

ಹಾಗಾದರೆ ಯಾಕೆ ಬರುತ್ತದೆ? ಕಣ್ಣುಗುಳಿಯ ಮೇಲಿರುವ ಮಿದುಳಿನ ಭಾಗ, ಒಳಗಿನ ಸ್ಟ್ರಯೇಟಮ್, ಥಲಾಮಸ್ ಇವು ಮೂರೂ ಸೇರಿದ ಒಂದು ಸುತ್ತುದಾರಿಯಿದೆ. ‘ಏನೋ ತಪ್ಪಾಗಿದೆ’ ಅನ್ನುವ ಸೂಚನೆ ಅಲ್ಲಿ ತಣ್ಣಗಾಗದೆ ಸುತ್ತುತ್ತಲೇ ಇರುತ್ತದೆ. ವಂಶವಾಹಿಯ ಪಾತ್ರವೂ ಇದೆ. ಬಾಲ್ಯದಲ್ಲೇ ಶುರುವಾದರಂತೂ ಅದು ಇನ್ನೂ ಹೆಚ್ಚು. ಬಾಣಂತಿಯರಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವುದೂ ಉಂಟು. ‘ಮಗುವಿಗೆ ನಾನೇ ಏನಾದರೂ ಮಾಡಿಬಿಟ್ಟರೆ?’ ಎಂದು ಹೆದರಿ ಚಾಕು ಮುಚ್ಚಿಡುವ ತಾಯಿಗೆ ಅಂಥ ಆಸೆ ಇರುವುದಿಲ್ಲ. ಆ ಯೋಚನೆ ಕಂಡೇ ಅವಳು ನಡುಗುತ್ತಿರುತ್ತಾಳೆ. ನಾಚಿಕೆಯಿಂದ ಅವಳು ಬಾಯಿಬಿಡುವುದಿಲ್ಲವಲ್ಲ, ನನ್ನ ದೊಡ್ಡ ಸಂಕಟ ಅದೇ.

ಕೈ ತೊಳೆದಾಗ ಆತಂಕ ತಕ್ಷಣ ಇಳಿಯುತ್ತದೆ. ‘ತೊಳೆದದ್ದಕ್ಕೇ ಬಚಾವಾದೆ’ ಎಂದು ಮಿದುಳು ಕಲಿಯುತ್ತದೆ, ಮುಂದಿನ ಸಲ ಇನ್ನೂ ಜೋರಾಗಿ ಕೇಳುತ್ತದೆ. ಇಆರ್‌ಪಿ, ಅಂದರೆ ಭಯವನ್ನು ಬೇಕೆಂದೇ ಎದುರಿಸಿ ತೊಳೆಯುವಂಥ ಕ್ರಿಯೆಯನ್ನು ತಡೆದುಕೊಳ್ಳುವ ಚಿಕಿತ್ಸೆ, ಈ ಕಲಿಕೆಯನ್ನೇ ಮುರಿಯುತ್ತದೆ. ಭಯಗಳನ್ನೆಲ್ಲ ಬರೆದು 0ಯಿಂದ 100ರವರೆಗೆ ಅಂಕ ಕೊಡುವುದು, 30–40ರದ್ದನ್ನು ಮೊದಲು ಎತ್ತಿಕೊಳ್ಳುವುದು. ಬಾಗಿಲ ಚಿಲಕ ಮುಟ್ಟಿ, ಕೈ ತೊಳೆಯದೆ ಕೂರುವುದು. ಆತಂಕ ಏರುತ್ತದೆ. ತೊಳೆಯದಿದ್ದರೂ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಮರುದಿನ ಮತ್ತೆ ಅದೇ. ಕೆಡುವುದು ಕಳ್ಳದಾರಿಗಳಿಂದ: ಸೀರೆಗೆ ಕೈ ಒರೆಸಿಕೊಳ್ಳುವುದು, ಮನಸ್ಸಲ್ಲೇ ಸ್ತೋತ್ರ ಎಣಿಸುವುದು, ‘ಏನೂ ಆಗಲ್ಲ ಅಲ್ವಾ?’ ಎಂದು ಕೇಳುವುದು.

ಔಷಧಿಯಲ್ಲಿ ಎಡವುವುದು ಅವಸರದಿಂದ. ಖಿನ್ನತೆಗೆ ಸರ್ಟ್ರಲಿನ್ 50 ಮಿ.ಗ್ರಾಂ ಸಾಕಾಗಬಹುದು, ಗೀಳಿಗೆ 200ರವರೆಗೂ ಬೇಕಾಗಬಹುದು. ಗುಣ ಕಾಣಲು 8ರಿಂದ 12 ವಾರ ಬೇಕು. ಮೂರನೇ ವಾರಕ್ಕೇ ‘ಉಪಯೋಗವಿಲ್ಲ’ ಎಂದು ಬಿಡುವವರೇ ಬಹಳ. ಪ್ರಮಾಣ ಏರಿಸುವುದು, ನಿಲ್ಲಿಸುವುದು ವೈದ್ಯರ ಕೆಲಸ.

ಇನ್ನು ಮನೆಯವರು. ‘ಹೂಂ ಕಣೋ, ಬೀಗ ಹಾಕಿದೀನಿ’ ಎಂದು ಹತ್ತನೇ ಸಲ ಹೇಳುವುದು ಪ್ರೀತಿಯೇ, ಆದರೆ ಅದರಿಂದ ಹೊಟ್ಟೆ ತುಂಬುವುದು ಗೀಳಿಗೆ. ಹಾಗೆಂದು ದಿಢೀರನೆ ನಿಲ್ಲಿಸಿ ರೇಗುವುದೂ ತಪ್ಪು. ಶಾಂತವಾಗಿರುವ ಹೊತ್ತಿನಲ್ಲಿ ಕೂತು ಮಾತಾಡಿ, ಈ ವಾರ ಉತ್ತರ ಎರಡೇ ಸಲ, ಮುಂದಿನ ವಾರ ಒಂದೇ ಸಲ ಎಂದು ಒಪ್ಪಿಕೊಳ್ಳಿ. ಆಮೇಲೂ ಕೇಳಿದರೆ, ‘ಇದು ಗೀಳು ಕೇಳಿಸ್ತಿರೋ ಪ್ರಶ್ನೆ. ಉತ್ತರ ಹೇಳಲ್ಲ, ಜೊತೇಲಿ ಕೂತಿರ್ತೀನಿ’ ಅನ್ನಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.